ಪುಸ್ತಕ ಭಂಡಾರಕ್ಕೆ ಒಬ್ಬ ಮೇಷ್ಟ್ರು

ಪಾಂಡವಪುರ
೩-೮-೧೯೯೬

ಅನಂತಣ್ಣನಿಗೆ ಭಾಗೀರಥಿಯ ನಮಸ್ಕಾರ. ಹದಿನೆಂಟು ವರ್ಷದ ಮೇಲೆ ನನ್ನ ಅಕ್ಷರ ನೋಡಿ ಲಕೋಟೆ ಒಡೆಯದೆ ಎಸೆಯಬೇಡ. ಪೂರ್ತಿ ಓದು.

ಅಜ್ಜ ಕಟ್ಟಿಸಿದ ಪುಸ್ತಕ ಭಂಡಾರ ಈಗ ಊರಿನ ಕಲಾಶಾಲೆ. ವರ್ಷವಿಡೀ ಓದುಗರ ರಿಜಿಸ್ಟರಿನಲ್ಲಿ ಒಂದು ಸಹಿಯೂ ಬೀಳದಿದ್ದರೆ ಕಟ್ಟಡವನ್ನು ಬೇರೆ ವಿದ್ಯೆಗೆ ಕೊಡಬೇಕೆಂದು ಅಜ್ಜನೇ ಬರೆಸಿದ್ದರು. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಲೈಬ್ರರಿ ಆದಮೇಲೆ ನಮ್ಮಲ್ಲಿಗೆ ನರಪಿಳ್ಳೆಯೂ ಬರುತ್ತಿರಲಿಲ್ಲ. ಆರು ವರ್ಷ ನಾನೇ ಹೆಸರು ಬದಲಾಯಿಸಿ, ಕೈಬರಹ ಬದಲಾಯಿಸಿ ಸಹಿ ಹಾಕಿದೆ. ಸತ್ತವರ ಕೈಲೂ ಓದಿಸಿಬಿಟ್ಟೆ. ಅಪ್ಪ ಕಾಪಾಡಿದ್ದು ನನ್ನ ಕಾಲಕ್ಕೆ ಹೋಗಬಾರದು ಅನ್ನುವ ಹಟ.

ಹೋದ ವರ್ಷ ಜೂನಿನಲ್ಲಿ ಒಂದು ಮದುವೆಗೆ ನಾಗಮಂಗಲಕ್ಕೆ ಬಂದಿದ್ದೆ. ನೀನು ನಾಟಕ ಕಲಿಸುವ ಶೆಡ್ಡಿನ ಹೊರಗೆ ನಾನು ಕೊಡೆ ಹಿಡಿದು ನಿಂತಿದ್ದೆ, ನಿನಗೆ ಗೊತ್ತಿಲ್ಲ. ತಗಡಿನ ಮೇಲೆ ಮಳೆ ಹೊಡೆದು ಹಾರ್ಮೋನಿಯಂ ಕೇಳಿಸುತ್ತಲೇ ಇರಲಿಲ್ಲ. ನೀನು ಗಂಟಲು ಹರಿದುಕೊಂಡು ಪದ ಹೇಳಿಕೊಡುತ್ತಿದ್ದೆ. ಅಜ್ಜನ ಕಟ್ಟಡ ನಮ್ಮಲ್ಲಿ ಖಾಲಿ ಬಿದ್ದಿದೆಯಲ್ಲ ಅನ್ನಿಸಿತು. ಊರಿಗೆ ಬಂದು ಸಹಿ ನಿಲ್ಲಿಸಿದೆ.

ಈಗ ಕಪಾಟುಗಳು ಹಿಂದಿನ ಕೋಣೆಗೆ ಹೋಗಿವೆ, ಓದುವ ಹಾಲಿನಲ್ಲಿ ಹಲಗೆ ಹಾಕಿ ರಂಗ ಮಾಡಿದ್ದಾರೆ. ಗೌರಿ ಹಬ್ಬದೊಳಗೆ ಮೇಷ್ಟ್ರು ಸಿಗದಿದ್ದರೆ ಕಟ್ಟಡ ಗೊಬ್ಬರದ ಗೋದಾಮಿಗೆ ಹೋಗುತ್ತದೆ. ಕಲಾಶಾಲೆ ಕಮಿಟಿಯ ಕರಿಯಪ್ಪನವರು, "ಗದೆ ಹಿಡಿಯಕ್ಕೆ ಹನ್ನೆಲ್ಡು ಜನ ಅವ್ರೆ ಅಮ್ಮಾವ್ರೆ, ತಾಳಕ್ಕೆ ಹಾಡೋನು ಒಬ್ನೂ ಇಲ್ಲ. ನಿಮ್ಮಣ್ಣಾರೇ ಬರ್ಬೇಕು" ಎಂದು ನನಗೆ ಹೇಳಿ ನಿನ್ನಲ್ಲಿಗೆ ಬಂದಿದ್ದರಲ್ಲ, ಚಾಡಿಕೋರ ಮಂಚಯ್ಯ ಕಾಯುವ ಬಾಗಿಲನ್ನು ತುಳಿಯುವುದಿಲ್ಲ ಎಂದೆಯಂತೆ.

ಅವತ್ತು ನೀನು ಓದುವ ಹಾಲಿನಲ್ಲಿ ಕದ್ದು ನಾಟಕದ ತಾಲೀಮು ಮಾಡಿಸಿದ್ದನ್ನು ಜವಾನ ಮಂಚಯ್ಯನೇ ಅಪ್ಪನಿಗೆ ಹೇಳಿದ, ಅದಕ್ಕೇ ಅಪ್ಪ ನಿನ್ನನ್ನು ಮನೆಯಿಂದ ಹೊರಗೆ ಹಾಕಿದರು ಎಂದು ನೀನು ನಂಬಿದ್ದೀಯ. ಈಗ ಕಮಿಟಿಯವರು ಅವನನ್ನೇ ಕೆಲಸದಿಂದ ಬಿಡಿಸಲು ಹೊರಟಿದ್ದಾರೆ. ನಿನ್ನೆ ಬಂದು, "ನಾನೇ ವೊಂಟೋಯ್ತೀನಿ ಬುಡಿ ಅಮ್ಮಾವ್ರೆ, ಅಯ್ನೋರು ಬರ್ಲಿ" ಎಂದ. ಐವತ್ತೆಂಟು ವರ್ಷ ಅವನಿಗೆ, ಆ ಬಾಗಿಲು ಬಿಟ್ಟರೆ ಬೇರೆ ಕೆಲಸ ಗೊತ್ತಿಲ್ಲ. ಅವನನ್ನು ಕಳಿಸಿ ಎಂದು ಮಾತ್ರ ಕೇಳಬೇಡ. ಕೋಪ ಇಳಿಸಿಕೊಂಡು ಬಾ.

ನಿನ್ನ ತಂಗಿ
ಭಾಗೀರಥಿ

ವಿ.ಸೂ.: ಲಕೋಟೆ ಅಂಟಿಸಲು ಕೈ ಬರಲಿಲ್ಲ. ಅಪ್ಪನಿಗೆ ಹೇಳಿದ್ದು ನಾನು. ಹೆಣ್ಣುಮಕ್ಕಳಿಗೆ ಇಲ್ಲೇನು ಕೆಲಸ ಎಂದು ಅವತ್ತು ತಾಲೀಮಿನ ಹೊತ್ತಿಗೆ ನೀನು ನನ್ನನ್ನು ಆಚೆಗೆ ಕಳಿಸಿದೆ, ಅಷ್ಟಕ್ಕೇ ಹೇಳಿಬಿಟ್ಟೆ. ಮಂಚಯ್ಯ ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದ, ಇವತ್ತಿನವರೆಗೂ ಬಾಯಿ ಬಿಟ್ಟಿಲ್ಲ. ನೀನು ಬಂದ ದಿನ ಬಾಗಿಲು ಅವನೇ ತೆಗೆಯಲಿ. ನಾನು ಅಲ್ಲಿ ಇರಬಾರದು ಎಂದರೆ ಇರುವುದಿಲ್ಲ.