ಗೌರಿಯ ಕೊರಳ ಬೆಲ್ಟು

ಬೂದಿಗೆರೆ
14-9-2025, ಭಾನುವಾರ

ನನ್ನ ಬಂಗಾರ ಚೈತ್ರ,

ಹೇಗಿದ್ದೀಯವ್ವ? ಹುಬ್ಬಳ್ಳಿಯ ಜೋಳದ ರೊಟ್ಟಿ ನಿನ್ನ ಹೊಟ್ಟೆಗೆ ಒಗ್ಗಿತೇ? ಮೊನ್ನೆ ವಿಡಿಯೋದಲ್ಲಿ ಮುಖ ಬಾಡಿದ ಹಾಗೆ ಕಂಡಿತು. ಕಂಪನಿ ಕಟ್ಟುವವರಿಗೂ ಹೊಟ್ಟೆ ಅನ್ನುವುದೊಂದು ಇರುತ್ತದೆ, ಹೊತ್ತಿಗೆ ಸರಿಯಾಗಿ ಉಣ್ಣು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಕೊಟ್ಟಿಗೆಯಲ್ಲಿ ಗೌರಿಗೆ ಈಗ ಐದು ತಿಂಗಳ ಗಬ್ಬ. ನೀನು ಕಟ್ಟಿದ ಬೆಲ್ಟು ಅವಳ ಕೊರಳಲ್ಲಿ ಹಾಗೇ ಇದೆ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು 'ಅಜ್ಜಿ' ಅಂದ ಕೂಡಲೇ ನನ್ನ ಬಾಯಿ ಕಟ್ಟಿಹೋಗುತ್ತದೆ. ಅದಕ್ಕೇ ಏಳನೇ ಕ್ಲಾಸಿನ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ನಗಬೇಡ.

ಹಸು ಬೆದೆಗೆ ಬಂದರೆ ಫೋನಿಗೆ ಮೆಸೇಜ್ ಕಳಿಸುವ ಬೆಲ್ಟು ಅಂತ ನೀನು ಊರಿನ ಹತ್ತು ಮನೆಗೆ ಕೊಟ್ಟು ಹೋದೆ. ಒಂಬತ್ತು ಮನೆಯವರು ಮೆಚ್ಚಿದ್ದಾರೆ, ಅದನ್ನು ನಂಬಿ ಗೆಳತಿ ವಾಣಿಶ್ರೀ ತಿಂಗಳ ಕೊನೆಗೆ ಕೆಲಸ ಬಿಟ್ಟು ನಿನ್ನ ಜೊತೆ ಸೇರುತ್ತಾಳೆ ಅಂದೆ. ಅವಳ ಸಂಬಳದ ಮೇಲೆ ಒಂದು ಸಂಸಾರ ನಿಂತಿದೆ. ಅದಕ್ಕೇ ನಾನೇ ವಿಚಾರಿಸಿದೆ. ನಿನ್ನೆ ಡೇರಿಯಲ್ಲಿ ಹಾಲು ಹಾಕುವಾಗ, ಬೆಲ್ಟು ಹೇಗಿದೆ ಅಂತ ಕೇಳಲಿಲ್ಲ. ಮೆಸೇಜ್ ಬಂದಾಗ ಏನು ಮಾಡಿದಿರಿ ಅಂತ ಕೇಳಿದೆ. ಎಲ್ಲರೂ ತಮ್ಮ ತಮ್ಮ ಕ್ಯಾನು ತೊಳೆಯತೊಡಗಿದರು. ಕೊನೆಗೆ, ಬೆಲ್ಟು ಚೆನ್ನಾಗಿದೆ ಅಂದಿದ್ದ ಮುನಿತಾಯಮ್ಮ, "ಮನೆ ಮಗಳು ಬಾಗ್ಲಿಗೆ ಬಂದು ಕೇಳುದ್ರೆ ಚೆನ್ನಾಗಿಲ್ಲ ಅನ್ನಕ್ಕಾಯ್ತದಾ ಅಕ್ಕಾ?" ಅಂದಳು. ಬಂದ ಹೆಣ್ಣುಮಗಳಿಗೆ ಕುಂಕುಮ ಕೊಟ್ಟು ಒಳ್ಳೆಯ ಮಾತಾಡಿ ಕಳಿಸುವುದು ನಮ್ಮ ಪದ್ಧತಿ. ನೀನು ಅದನ್ನು ಲೆಕ್ಕಕ್ಕೆ ಹಿಡಿದೆ.

ಬೈದವಳು ಪಾಪಮ್ಮ ಒಬ್ಬಳೇ. ಅವಳಿಗೇನೂ ತಿಳಿಯದು ಅಂತ ನೀನು ಆವತ್ತು ಅತ್ತುಕೊಂಡು ಬಂದೆ. ನಿನ್ನೆ ಅವಳು ಹೇಳಿದ್ದು ಕೇಳು: "ಮೆಸೇಜು ಹೋಗದು ನನ್ ಮಗನ ಫೋನ್‌ಗೆ. ಅವ್ನು ಏರ್‌ಪೋರ್ಟ್‌ನಾಗೆ ಕ್ಯಾಬ್ ಓಡಿಸ್ತಾನೆ. ಹಸ ನೋಡ್ಕಳೋಳು ನಾನು. ಬೆಲ್ಟಲ್ಲೇ ಒಂದು ಕೆಂಪು ದೀಪ ಹತ್ತೋ ಹಂಗೆ ಮಾಡಕ್ಕಾಗಲ್ವಾ?" ಉಳಿದವರೂ ಹೌದು ಹೌದು ಅಂದರು.

ನಾನು ಹೊಸಕೋಟೆ ಸಂತೆಯಲ್ಲಿ ಹುರಿಹಿಟ್ಟು ಮಾರಲು ಹೋಗಿದ್ದು ನಿನಗೆ ಗೊತ್ತಲ್ಲ. ನೆಂಟರೆಲ್ಲ ತಿಂದು ಹೊಗಳಿದರು, ಎರಡನೇ ಸಲ ಒಬ್ಬರೂ ಕೊಳ್ಳಲಿಲ್ಲ. ಮರಳು ಮರಳಾಗಿದೆ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಿದ ಗುರುತಿಲ್ಲದ ಹೆಂಗಸು, ನಾನು ಸಣ್ಣಗೆ ಬೀಸಿಸಿದ ಮೇಲೆ ಹತ್ತು ವರ್ಷ ನನ್ನ ಹತ್ತಿರವೇ ಕೊಂಡಳು. ಹೆತ್ತವರಿಗೆ ಹೆಗ್ಗಣ ಮುದ್ದು ಕಣವ್ವ. ನಿನ್ನ ಬೆಲ್ಟು ನಿನಗೆ ಮುದ್ದು, ನೀನು ಊರಿಗೆಲ್ಲ ಮುದ್ದು. ಬಂದಾಗ ಮೊದಲು ಪಾಪಮ್ಮನ ಕೊಟ್ಟಿಗೆಯಲ್ಲಿ ನಾಲ್ಕು ದಿನ ಸಗಣಿ ಬಾಚು, ಆಮೇಲೆ ಕಂಪ್ಯೂಟರ್ ತೆಗೆ.

ಮನೆದೇವರು ನಿನ್ನ ಬೆನ್ನಿಗಿರಲಿ. ವಾಣಿಶ್ರೀಗೂ ನನ್ನ ಆಶೀರ್ವಾದ ತಿಳಿಸು.

ನಿನ್ನ ಅಜ್ಜಿ,
ಮುನಿಲಕ್ಷ್ಮಮ್ಮ

ತಾ.ಕ.: ಮರೆತದ್ದಲ್ಲ, ಬರೆಯಲು ಧೈರ್ಯ ಬರಲಿಲ್ಲ. ಮೆಸೇಜ್ ನೋಡಿ ಅಜ್ಜಿ ದನದ ಡಾಕ್ಟರನ್ನು ಕರೆಸಿ ಗಬ್ಬದ ಸೂಜಿ ಹಾಕಿಸಿದಳು, ಗೌರಿ ಗಬ್ಬವಾದಳು ಅಂತ ಹೋದಲ್ಲೆಲ್ಲ ಹೇಳುತ್ತೀಯಲ್ಲ, ಅದು ಸುಳ್ಳು. ಫೋನು ಆವತ್ತು ನಿಮ್ಮಪ್ಪನ ಜೇಬಿನಲ್ಲಿ ದೇವನಹಳ್ಳಿಗೆ ಹೋಗಿತ್ತು. ಗೌರಿ ಕೂಗಿದ್ದು ಕೇಳಿ ನಾನು ಡಾಕ್ಟರನ್ನು ಕರೆಸಿದೆ. ನೀನು ಕುಣಿದಾಡಿದ್ದು ನೋಡಿ ನಿಜ ಹೇಳಲಾಗಲಿಲ್ಲ. ಬಾಯಿಮಾತಿಗೆ ಮೆಚ್ಚಿದ ಒಂಬತ್ತು ಜನರಲ್ಲಿ ಮೊದಲನೆಯವಳು ನಾನೇ. ವಾಣಿಶ್ರೀ ಕೆಲಸ ಬಿಡುವ ಮುಂಚೆ ಈ ಕಾಗದ ಅವಳ ಕೈಗೆ ಕೊಡು.