ಅಮ್ಮನ ದನಿಯನ್ನು ಅಳಿಸುವ ಕುರಿತು

ಕುಂದುಕೊರತೆ ಅಧಿಕಾರಿಯವರಿಗೆ,

ಇಂದು ಬೆಳಿಗ್ಗೆ ನಮ್ಮ ಬೆಕ್ಕು ಫೋನಿನ ಬಳಿಗೆ ಓಡಿ ಬಂತು. ನಿಮ್ಮ ಮೀನಿನ ಆ್ಯಪ್ ಅಮ್ಮನ ದನಿಯಲ್ಲಿ ಮಾತಾಡುತ್ತಿತ್ತು: "ಎಂತ ಮಾರಾಯ್ತಿ, ಬಂಗುಡೆ ಬೇಡ್ವಾ? ಈಗಷ್ಟೇ ಬೋಟಿನಿಂದ ಇಳಿಸಿದ್ದು ಉಂಟು."

ಅಮ್ಮ ತೀರಿಕೊಂಡು ವರ್ಷವಾಯಿತು. ಉಳ್ಳಾಲದಲ್ಲಿ ಮೀನು ಮಾರುತ್ತಿದ್ದ ಅವರು ನಿಮ್ಮ ಜಾಹೀರಾತಿಗೆ ದನಿ ಕೊಡಲು ಒಪ್ಪಿದ್ದು ನಿಜ. ಆದರೆ ಈ ಮಾತು ಅವರದಲ್ಲ, ನಿಮ್ಮ ಎಐ ಕಟ್ಟಿದ್ದು. ಈಗ ಮೀನುಗಾರಿಕೆ ನಿಷೇಧದ ಕಾಲ, ಬೋಟುಗಳೆಲ್ಲ ಕಡಲಿಗಿಳಿಯದೆ ದಕ್ಕೆಯಲ್ಲೇ ಕಟ್ಟಿ ನಿಂತಿವೆ. ಇಂಥ ದಿನಗಳಲ್ಲಿ ಅಮ್ಮ, "ಐಸಿನದ್ದು ಮಾರಾಯ್ತಿ, ಬೇಕಾದ್ರೆ ಮಾತ್ರ ತಕೋ" ಎನ್ನುತ್ತಿದ್ದರು.

ಅವರು ಸೂಚಿಸಿದ್ದ ನಾಮಿನಿಯಾಗಿ, ಹೊಸ ದತ್ತಾಂಶ ರಕ್ಷಣಾ ಕಾನೂನಿನಂತೆ ಅವರ ಒಪ್ಪಿಗೆಯನ್ನು ಹಿಂಪಡೆಯುತ್ತಿದ್ದೇನೆ. ದನಿಯನ್ನು ಪೂರ್ತಿ ಅಳಿಸಿ.

ಅಳಿಸುವ ಮೊದಲು ದನಿಯ ಪ್ರತಿ ಬೇಕೇ ಎಂದು ನಿಮ್ಮ ಅರ್ಜಿ ನಮೂನೆಯಲ್ಲಿ ಕೇಳಿದ್ದೀರಿ. ಅಮ್ಮನ ದನಿ ನಮ್ಮಲ್ಲಿ ಬೇರೆಲ್ಲೂ ಇಲ್ಲ. ಆದರೂ ಪ್ರತಿ ಬೇಡ.

ಇತಿ,
ಸುಪ್ರೀತಾ