ನಲವತ್ತೇಳನೆಯ ಪಂಜರದ ಹೆಣ್ಣಿಲಿ

ಪ್ರಯೋಗಗಳಿಗೆ ಅನುಮತಿ ನೀಡುವ ಸಮಿತಿಯ ಅಧ್ಯಕ್ಷರೇ,

ಸೋಮವಾರ ಬೆಳಗ್ಗೆ ನಾನು ನಲವತ್ತು ಹೆಣ್ಣಿಲಿಗಳನ್ನು ಕೊಲ್ಲಬೇಕೆಂದು ನಿಮ್ಮ ಸಹಿಯ ಆದೇಶ ಬಂದಿದೆ. ಕಾರಣದ ಅಂಕಣದಲ್ಲಿ ಒಂದೇ ಪದ: 'ಹೆಚ್ಚುವರಿ'. ವಯಸ್ಸಾದಂತೆ ಮೂತ್ರಪಿಂಡ ಹೇಗೆ ಸವೆಯುತ್ತದೆಂದು ತಿಳಿಯಲು ಇವುಗಳ ಒಡಹುಟ್ಟಿದ ಗಂಡುಗಳೇ ಸಾಕಂತೆ. ಹೆಣ್ಣುಗಳನ್ನು ಸೇರಿಸಿದರೆ ಫಲಿತಾಂಶ ಗೋಜಲಾಗುತ್ತದಂತೆ. ನಿಜ, ಲೋಕದಲ್ಲಿ ಹೆಣ್ಣೇ ಇಲ್ಲದಿದ್ದರೆ ಎಷ್ಟೊಂದು ಕಡತಗಳು ಸಲೀಸಾಗಿ ಮುಗಿಯುತ್ತಿದ್ದವು!

ನಾನು ವಿಜ್ಞಾನಿಯಲ್ಲ. ಹತ್ತೊಂಬತ್ತು ವರ್ಷಗಳಿಂದ ಪ್ರಯೋಗಾಲಯದ ಇಲಿಗಳಿಗೆ ಹೊಟ್ಟಿನ ಹಾಸು ಬದಲಿಸಿ, ನೀರಿನ ಬಾಟಲಿ ತುಂಬುವವನು. ಮರಿಗಳಿಗೆ ಮೂರು ವಾರವಾದಾಗ ಬಾಲವೆತ್ತಿ ನೋಡಿ ಗಂಡು ಹೆಣ್ಣು ಬೇರ್ಪಡಿಸುವವನೂ ನಾನೇ. ಒಮ್ಮೆ ಕೈತಪ್ಪಿತು. ಹೆಣ್ಣೊಂದರ ಚೀಟಿಯಲ್ಲಿ 'ಗಂಡು' ಎಂದು ಬರೆದೆ. ಗಂಡುಗಳು ಕಚ್ಚಾಡುತ್ತವೆಂದು ಒಂದೊಂದಕ್ಕೂ ಪ್ರತ್ಯೇಕ ಪಂಜರ. ಹಾಗಾಗಿ ಯಾರ ಗಮನಕ್ಕೂ ಬರಲಿಲ್ಲ. ನನ್ನ ತಪ್ಪಿನ ಪುಣ್ಯದಿಂದ ನಲವತ್ತೇಳನೆಯ ಪಂಜರದಲ್ಲಿ ಅವಳು ಎರಡು ವರ್ಷ ಬದುಕಿದಳು.

ಪ್ರಯೋಗ ಮುಗಿದು ಅವಳನ್ನು ಕೊಯ್ದ ದಿನ ನಮ್ಮ ವಿಜ್ಞಾನಿ ಮೇಡಂ ತಲೆಯೆತ್ತಿ ನೋಡಿದರು.

"ಏನಪ್ಪಾ, ಇದು ಹೆಣ್ಣಲ್ವಾ? ಎರಡು ವರ್ಷ ನಿನ್ನ ಕಣ್ಣು ಎಲ್ಲಿಟ್ಟಿದ್ದೆ?"

"ನೀರಿನ ಬಾಟಲಿ ಮೇಲೆ ಮೇಡಂ."

ನಕ್ಕರು. ಆದರೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟ ಮೇಲೆ ನಗು ನಿಂತಿತು. "ಗಂಡುಗಳಲ್ಲಿ ರಕ್ತ ಸೋಸೋ ಜಾಗವೆಲ್ಲ ಕಲೆಗಟ್ಟಿ ಗಟ್ಟಿಯಾಗಿದೆ. ಇವಳ ಕಿಡ್ನಿಗೆ ಬೇರೆ ಥರಾನೇ ಮುಪ್ಪು ಬಂದಿದೆ, ನೋಡು."

"ಯಾಕೆ ಮೇಡಂ?"

"ಒಂದೇ ಇಲಿ ನೋಡಿ ಏನಂತ ಹೇಳಲಿ? ಇನ್ನೊಂದು ನಲವತ್ತಾದ್ರೂ ಬೇಕು."

ಆ ನಲವತ್ತೇ ಇವು. ಇವನ್ನು ಉಳಿಸಿಕೊಳ್ಳಲು ಮೇಡಂ ಸಲ್ಲಿಸಿದ ಮನವಿಗೆ ನೀವು 'ಅನಗತ್ಯ' ಎಂದು ಬರೆದಿರಿ. ದಾಖಲೆಯಲ್ಲಿ ಆ ಹೆಣ್ಣಿಲಿಯ ಸ್ಲೈಡಿನ ಮುಂದೆ 'ದೋಷ' ಎಂದು ಬರೆಸಿದಿರಿ.

ನನ್ನ ಅಕ್ಕ ಬಟ್ಟೆ ಹೊಲಿಯುತ್ತಿದ್ದಳು. ಸಣಕಲು ಜೀವ. ಪಾದ ಊದಿಕೊಂಡು ಯಂತ್ರ ತುಳಿಯಲಾಗದೆ ಮೂರು ಸಲ ರಕ್ತ ಪರೀಕ್ಷೆ ಮಾಡಿಸಿದಳು. ಮೂರು ಸಲವೂ 'ಸಾಮಾನ್ಯ'. "ರಿಪೋರ್ಟ್ ಸರಿಯಾಗಿದೆಯಂತೆ ಕಣೋ, ನಾನೇ ಸರಿಯಿಲ್ಲ ಅಂತ ಕಾಣುತ್ತೆ" ಎಂದು ನಕ್ಕಳು. ಗಟ್ಟಿ ಮೈಕಟ್ಟಿನ ಗಂಡಸಿಗೆ ಸಾಮಾನ್ಯವಾದ ಅಂಕಿ ಅವಳಂಥ ಹೆಂಗಸಿಗೆ ಕಿಡ್ನಿ ಕಾಯಿಲೆಯ ಗುರುತಾಗಿರಬಹುದೆಂದು ನಾಲ್ಕನೆಯ ವೈದ್ಯರು ಹೇಳುವಷ್ಟರಲ್ಲಿ ಕಾಲ ಮಿಂಚಿತ್ತು. "ಗಂಡಸಿನ ಅಳತೆ ಹಿಡಿದು ನನ್ನ ರವಿಕೆ ಹೊಲಿದ್ರಲ್ಲೋ" ಎಂದಳು. ಅದೇ ಅವಳ ಕೊನೆಯ ತಮಾಷೆ.

ಅವಳ ಸಾವಿಗೆ ನಿಮ್ಮ ಸಮಿತಿ ಕಾರಣ ಎನ್ನುತ್ತಿಲ್ಲ. ಇಲಿಯೇ ಬೇರೆ, ಮನುಷ್ಯರೇ ಬೇರೆ ಎಂದೀರಿ. ಒಪ್ಪಿದೆ. ಹಾಗಿದ್ದರೆ ಗಂಡಿಲಿಯಿಂದ ಮನುಷ್ಯರಿಗೆ ಹೋಗುವ ದಾರಿ ಹೆಣ್ಣಿಲಿಯ ಮುಂದೆ ಮಾತ್ರ ಮುಚ್ಚಿಕೊಳ್ಳುವುದು ಹೇಗೆ?

ನಲವತ್ತೇಳನೆಯ ಪಂಜರವನ್ನು ತೊಳೆದಿಟ್ಟಿದ್ದೇನೆ. ಬೇರೆ ಇಲಿ ಬಿಡಲು ಮನಸ್ಸಾಗಿಲ್ಲ. ಬೆಳಗ್ಗೆ ಬಾಗಿಲು ತೆರೆದಾಗ ಅದರೊಳಗೆ ಉಗುರು ಕೆರೆಯುವ ಸದ್ದು ಕೇಳುತ್ತದೆ. ಬಾಗಿ ನೋಡಿದರೆ ಖಾಲಿ. ಕೆಲವು ದಿನ ಅದು ಉಗುರಿನ ಸದ್ದಲ್ಲ, ಅಕ್ಕನ ಹೊಲಿಗೆ ಯಂತ್ರದ್ದು. ಆಗ ನಾನು ಬಾಗಿ ನೋಡುವುದಿಲ್ಲ.

ಸೋಮವಾರಕ್ಕೆ ಮೊದಲು ಆದೇಶ ಹಿಂತೆಗೆದುಕೊಳ್ಳಿ. ಈ ನಲವತ್ತಕ್ಕೂ ಮುದಿಯಾಗುವಷ್ಟು ಕಾಲ ಕೊಡಿ. ಆ ಸ್ಲೈಡಿನ ಮುಂದಿನ 'ದೋಷ' ಹೊಡೆದುಹಾಕಿ 'ಹೆಣ್ಣು' ಎಂದು ಬರೆಸಿ. ಎಲ್ಲ ಚೀಟಿಗಳಲ್ಲೂ 'ಗಂಡು' ಎಂದು ಬರೆದು ಇವನ್ನು ಉಳಿಸಿಕೊಳ್ಳುವುದು ನನಗೇನೂ ಕಷ್ಟವಲ್ಲ. ಆದರೆ ಈ ಸಲ ಅವು ಹೆಣ್ಣೆಂದೇ ಬದುಕಬೇಕು.

ಇಂತಿ,
ಹತ್ತೊಂಬತ್ತು ವರ್ಷಗಳಲ್ಲಿ ಒಂದೇ ಒಂದು ಉಪಯುಕ್ತ ತಪ್ಪು ಮಾಡಿದ
ನಿಮ್ಮ ಇಲಿಗಳ ಆಳು